ಮೂರನೆಯ ಚೀಲದಲ್ಲಿದ್ದ ಪುಸ್ತಕ

"ಪುಸ್ತಕದಕ್ಕನ ಕೆಲಸ ಹೋಗ್ತಿದೆ ಮೇಡಂ. ಹೋಗ್ತಿರೋದು ನನ್ನಿಂದ," ಎಂದು ನರ್ಸಮ್ಮ ನಮ್ಮ ಮನೆಯ ಹೊಸ್ತಿಲಲ್ಲೇ ಅಳಲು ಶುರುಮಾಡಿದರು. ಕೈಯಲ್ಲಿದ್ದ ಕೊಡೆಯನ್ನೂ ಮಡಿಸಿರಲಿಲ್ಲ.

ನಾನು ಅಂಗಡಿಗೆ ಹೊರಟು ನಿಂತಿದ್ದೆ. ಫೋಟೋಗಳಿಗೆ ಕಟ್ಟು ಹಾಕಿಕೊಡುವುದು ನನ್ನ ಕಸುಬು. ಆದರೆ ನಮ್ಮ ಅತ್ತಿಗೆಯನ್ನು ಹುಡುಕಿಕೊಂಡು ಯಾರಾದರೂ ಅಳುತ್ತಾ ಬಂದ ದಿನ ಅಂಗಡಿಯ ಬಾಗಿಲು ತಡವಾಗಿ ತೆರೆಯುವುದು ಬೀದಿಗೆಲ್ಲ ಗೊತ್ತಿದ್ದ ವಿಷಯ. ಅಣ್ಣ ತೀರಿಕೊಂಡ ಮೇಲೂ ಅತ್ತಿಗೆ ನಮ್ಮ ಜೊತೆಯಲ್ಲೇ ಉಳಿದಿದ್ದರು. ಪರೀಕ್ಷಾ ಕೊಠಡಿಗಳ ಮೇಲ್ವಿಚಾರಕಿಯಾಗಿ ಜೀವಮಾನವೆಲ್ಲ ಕಾಪಿ ಹೊಡೆಯುವವರನ್ನು ಹಿಡಿದವರು. ನಿವೃತ್ತಿ ಕೆಲಸಕ್ಕೆ ಬಂತೇ ಹೊರತು ಕಣ್ಣಿಗೆ ಬರಲಿಲ್ಲ. ಯಾರ ಮನೆಯಲ್ಲಿ ಏನು ಕಳೆದರೂ ಜನ ಠಾಣೆಗಿಂತ ಮೊದಲು ನಮ್ಮ ಮನೆಯ ಕರೆಗಂಟೆ ಒತ್ತುತ್ತಿದ್ದರು, ನಾನು ಅತ್ತಿಗೆಯ ಹಿಂದೆ ಬಾಲದ ಹಾಗೆ ಹೋಗುತ್ತಿದ್ದೆ.

"ಮೊದ್ಲು ಕೂತ್ಕೊಳ್ಳಿ. ಅಳೋದು ಆಮೇಲೂ ಇದ್ದೇ ಇರುತ್ತೆ," ಎಂದರು ಅತ್ತಿಗೆ.

ನರ್ಸಮ್ಮ ಕೂತು ಹೇಳಿದ ಕತೆ ಇದು. ಬೀದಿಯ ಕೊನೆಯಲ್ಲಿರುವ ವಾಚನಾಲಯಕ್ಕೆ ಕೆಲವು ತಿಂಗಳ ಹಿಂದೆ ಯಾರೋ ಪುಣ್ಯಾತ್ಮರು ಮೂರು ಇ-ರೀಡರ್ ದಾನ ಕೊಟ್ಟಿದ್ದರು. ಅಂಗೈಗಿಂತ ಸ್ವಲ್ಪ ದೊಡ್ಡ, ತೆಳ್ಳನೆಯ ಹಲಗೆಗಳು. ಒಂದೊಂದರಲ್ಲೂ ಒಂದೊಂದು ಕಪಾಟಿನಷ್ಟು ಪುಸ್ತಕ. ನರ್ಸಮ್ಮ ಆಸ್ಪತ್ರೆಯಿಂದ ನಿವೃತ್ತರಾದ ಮೇಲೆ ಒಂದನ್ನು ದಿನವೂ ಎರವಲು ಒಯ್ಯುತ್ತಿದ್ದರು. ಮೂರನೆಯದನ್ನು ಮಾತ್ರ ಕೇಳುವವರೇ ಇರಲಿಲ್ಲ. ನಿನ್ನೆ ತಮ್ಮದರಲ್ಲಿ ಚಾರ್ಜ್ ಇಲ್ಲವೆಂದು ಅವರು ಅದನ್ನು ಕೇಳಿದ್ದಾರೆ. ವಾಚನಾಲಯ ನೋಡಿಕೊಳ್ಳುವ ಪುಸ್ತಕದಕ್ಕ ಬೀರು ತೆಗೆದು ಅದರ ಚೀಲ ಕೊಟ್ಟಿದ್ದಾರೆ.

"ಜಿಪ್ ಎಳೆದ್ರೆ ಒಳಗೆ ರೀಡರ್ರೇ ಇಲ್ಲ! ಪೇಪರ್ ಸುತ್ತಿರೋ ಮಕ್ಕಳ ಪುಸ್ತಕ. ನಾನು ಬಾಯಿ ಮುಚ್ಕೊಂಡಿದ್ರೆ ಆಗ್ತಿತ್ತು. 'ಅಯ್ಯೋ' ಅಂತ ಕೂಗಿಬಿಟ್ಟೆ. ಕಾರ್ಯದರ್ಶಿ ಪಕ್ಕದಲ್ಲೇ ನಿಂತಿದ್ರು. ಬೀರು ಬೀಗದಕೈ ಇರೋದು ಅಕ್ಕನ ಹತ್ರ ಒಂದೇ. ಶನಿವಾರ ಓದು ಮುಗಿದ ಮೇಲೆ ಎಲ್ಲರೆದುರಿಗೆ ತೀರ್ಮಾನ ಅಂದ್ರು."

"ಅಕ್ಕ ಏನಂದ್ರು?"

"ಒಂದು ಮಾತೂ ಇಲ್ಲ ಮೇಡಂ. ಪುಸ್ತಕಕ್ಕೆ ಹಾಕಿದ್ದ ಪೇಪರನ್ನ ಬಿಚ್ಚಿ ಕೈಯಲ್ಲೇ ಮುದುರಿಕೊಂಡ್ರು. ಮುಖ ಕೆಂಪಗಾಗಿತ್ತು."

ಪುಸ್ತಕದಕ್ಕ ಹಾಸಿಗೆ ಹಿಡಿದ ತಾಯಿಯೊಂದಿಗೆ ವಾಚನಾಲಯದ ಹಿಂದಿನ ಕೋಣೆಯಲ್ಲೇ ವಾಸವಾಗಿದ್ದರು. ಕೆಲಸ ಹೋದರೆ ಮನೆಯೂ ಹೋದಂತೆ. ಅದರ ಮೇಲೆ ಕಳ್ಳಿ ಎಂಬ ಹೆಸರು ಬಂದರೆ ಇನ್ನೊಂದು ಕಡೆ ಕೆಲಸ ಕೊಡುವವರು ಯಾರು?

"ನೀವು ದಿನಾ ಅಷ್ಟೊಂದು ಏನು ಓದ್ತೀರಿ?" ಎಂದು ಅತ್ತಿಗೆ ಥಟ್ಟನೆ ಕೇಳಿದರು.

ನರ್ಸಮ್ಮ ಕಣ್ಣೊರೆಸಿಕೊಳ್ಳುವ ನೆಪದಲ್ಲಿ ಮುಖ ಮುಚ್ಚಿಕೊಂಡರು. "ಪ್ರೇಮದ ಕತೆಗಳು. ಅದ್ರಲ್ಲಿ ಮುಖಪುಟ ಯಾರಿಗೂ ಕಾಣಲ್ಲವಲ್ಲ... ಈ ವಯಸ್ಸಲ್ಲಿ..."

"ಓದೋಕೆ ನಾಚಿಕೆ ಯಾಕೆ? ನಡಿ ಮೈದುನ, ಹೋಗೋಣ."

ವಾಚನಾಲಯದಲ್ಲಿ ಹಳೆಯ ಕಾಗದದ ವಾಸನೆ ತುಂಬಿತ್ತು. ಉದ್ದನೆಯ ಓದುವ ಮೇಜು, ಅದರ ಮೇಲೆ ತೂಗುಬಿದ್ದ ಬಲ್ಬು, ಮೇಜಿನ ಪಕ್ಕದ ಗೋಡೆಯಲ್ಲಿ ಕರೆಂಟಿನ ಪ್ಲಗ್ಗು. ಪುಸ್ತಕದಕ್ಕ ನಮ್ಮನ್ನು ಕಂಡು ಎದ್ದು ನಿಂತರು. ಕಣ್ಣು ಮಾತ್ರ ಮೇಲೆತ್ತಲಿಲ್ಲ.

"ರೀಡರ್‌ಗಳಿಗೆ ಚಾರ್ಜ್ ಎಲ್ಲಿ ಹಾಕ್ತೀರಮ್ಮ?" ಎಂದರು ಅತ್ತಿಗೆ.

"ಇಲ್ಲೇ ಮೇಡಂ, ಈ ಪ್ಲಗ್ಗಿಗೆ. ಶನಿವಾರ ಮಧ್ಯಾಹ್ನ. ಧೂಳು ಕೂರಬಾರದು ಅಂತ ಚೀಲದೊಳಗೇ ಇಟ್ಟು ವೈರ್ ಸಿಕ್ಕಿಸಿರ್ತೀನಿ. ಮೂರನೆಯದನ್ನ ಯಾರೂ ಒಯ್ಯದೆ ಚಾರ್ಜ್ ಇಳಿಯಲ್ಲ, ಅದರ ಚೀಲ ಸುಮ್ನೆ ಪಕ್ಕದಲ್ಲಿಟ್ಟಿರ್ತೀನಿ, ಎಷ್ಟೋ ವಾರದಿಂದ ವೈರ್ ಹಾಕಿಲ್ಲ. ಓದು ಮುಗಿದ ಮೇಲೆ ವೈರ್ ಎಳೆದು, ಜಿಪ್ ಹಾಕಿ, ಬೀರುನಲ್ಲಿ ಇಟ್ಟು ಬೀಗ ಹಾಕ್ತೀನಿ."

"ಒಳಗೆ ನೋಡಲ್ಲ."

"ಚೀಲ ಮೂರಿದ್ರೆ ರೀಡರೂ ಮೂರು ಅಂದ್ಕೊಂಡಿದ್ದೆ. ನನ್ನದೇ ತಪ್ಪು."

ಅತ್ತಿಗೆ ಆ ಮಕ್ಕಳ ಪುಸ್ತಕವನ್ನು ತಿರುಗಿಸಿ ನೋಡಿದರು. ಗಟ್ಟಿ ರಟ್ಟಿನ ಹೊಸ ಪುಸ್ತಕ. ಒಂದು ಗೀರಿಲ್ಲ, ಒಂದು ಮೂಲೆ ಮಡಿಸಿಲ್ಲ. "ಇದಕ್ಕೆ ಹಾಕಿದ್ದ ಪೇಪರ್ ಎಲ್ಲಿ?"

"ಬಿಸಾಕಿದೆ," ಎಂದರು ಪುಸ್ತಕದಕ್ಕ ಅವಸರದಿಂದ. ಅವರ ಕೈ ಪಕ್ಕದಲ್ಲಿದ್ದ ಬ್ಯಾಗಿನ ಮೇಲೆ ಹೋಗಿ ಕೂತಿತು.

ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂದು ನನಗೆ ಅನ್ನಿಸಿದ್ದು ನಿಜ. ಅಷ್ಟರಲ್ಲಿ ಕಾರ್ಯದರ್ಶಿ ಒಳಗೆ ಬಂದರು. ಎದುರಿನ ಔಷಧದಂಗಡಿ ಅವರದು. ಯಾವ ಮಾತನ್ನಾದರೂ ಮಾತ್ರೆಯ ಹಾಗೆ ಎಣಿಸಿ ಕೊಡುತ್ತಿದ್ದರು.

"ನೋಡಿ ಮೇಡಂ, ಪುಸ್ತಕಕ್ಕೆ ಗೀರು ಬೀಳಬಾರದು ಅಂತ ಪೇಪರ್ ಹಾಕೋ ಕಳ್ಳ ಎಲ್ಲಾದ್ರೂ ಇದ್ದಾನಾ? ಇದು ಪುಸ್ತಕದ ಮಧ್ಯೆ ಬದುಕೋರ ಕೈಚಳಕ. ಕೇಳಿದ್ರೆ ಬಾಯಿ ಬಿಡಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ."

ಇವರು ತಮ್ಮ ನಾದಿನಿಗೆ ಈ ಕೆಲಸ ಕೊಡಿಸಬೇಕೆಂದು ವರ್ಷದಿಂದ ಓಡಾಡುತ್ತಿದ್ದುದು ನನಗೆ ನೆನಪಾಯಿತು. ಪುಸ್ತಕದಕ್ಕನ ಮೇಲಿದ್ದ ನನ್ನ ಅನುಮಾನ ಅಲ್ಲಿಂದೆದ್ದು ಇವರ ಹೆಗಲ ಮೇಲೆ ಕೂತುಕೊಂಡಿತು.

ಅತ್ತಿಗೆ ಅದ್ಯಾವುದನ್ನೂ ಕೇಳಿಸಿಕೊಂಡಂತಿರಲಿಲ್ಲ. ತಲೆಯೆತ್ತಿ, "ಈ ಬಲ್ಬ್ ಹೊಸದಲ್ವಾ?" ಎಂದರು.

ಅದಕ್ಕೆ ನಾನೇ ಉತ್ತರ ಕೊಟ್ಟೆ. ಹೆಚ್ಚು ಹೊತ್ತು ಕೂತರೆ ಸೊಂಟ ನೋಯುವುದರಿಂದ ಅತ್ತಿಗೆ ಶನಿವಾರದ ಓದಿಗೆ ಬರುತ್ತಿರಲಿಲ್ಲ, ನಾನು ತಪ್ಪಿಸುತ್ತಿರಲಿಲ್ಲ. ಪ್ರತಿ ಶನಿವಾರ ಸಂಜೆ ನಮ್ಮ ಹಳೆಯ ಮೇಷ್ಟ್ರು ಆ ಮೇಜಿನ ಮುಂದೆ ಕೂತು ಒಂದು ಕಾದಂಬರಿಯನ್ನು ಕಂತಿನಂತೆ ಓದಿ ಹೇಳುತ್ತಿದ್ದರು. ಬೀದಿಯ ಅರ್ಧ ಜನಕ್ಕೆ ಅಕ್ಷರ ಕಲಿಸಿದ ಕಂಠ ಅದು. ಈಗ ಓದುತ್ತಿದ್ದದ್ದು ದೀಪಸ್ತಂಭ ಕಾಯುವವನೊಬ್ಬನ ದಪ್ಪನೆಯ ಕತೆ. ನಡುವೆ ಒಮ್ಮೆ ಗಂಟಲು ಕೆಟ್ಟು, ಸಾಲು ಸಾಲಿಗೂ ತಡವರಿಸಿ, ಕೆಲವು ವಾರ ಬರುವುದನ್ನೇ ಬಿಟ್ಟಿದ್ದರು. ಮತ್ತೆ ಬಂದಾಗ ಮೊದಲಿಗಿಂತ ಚೆನ್ನಾಗಿ ಓದತೊಡಗಿದರು.

"ಹೋದ ಶನಿವಾರ ಓದ್ತಿರುವಾಗ್ಲೇ ಬಲ್ಬ್ ಹೋಯ್ತು ಅತ್ತಿಗೆ. ಆ ಕಡೆ ದೀಪದಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣೋಷ್ಟು ಬೆಳಕಿತ್ತು, ಅಷ್ಟೇ. ಮೇಷ್ಟ್ರು ನಿಲ್ಲಿಸಲೇ ಇಲ್ಲ. ಬೇರೆ ಬಲ್ಬ್ ಬರೋವರೆಗೂ ಓದ್ತಾನೇ ಇದ್ರು. ಎಲ್ಲರೂ ಚಪ್ಪಾಳೆ ಹೊಡೆದ್ವಿ. ಆ ವಯಸ್ಸಿಗೆ ಎಂಥ ಕಣ್ಣು!"

"ರೀಡರ್ ಬಂದಾಗ ಅದಕ್ಕೆ ಜೋರಾಗಿ ಬೈದೋರು ಇವರೇ ಅಲ್ವಾ?"

"ಅಯ್ಯೋ, ಅದೇ ಮೇಜಿನ ಮುಂದೆ ನಿಂತು ಹೇಳಿದ್ರಲ್ಲ! 'ಗಾಜಿನ ಹಲಗೆಗೆ ಮೂಗು ಉಜ್ಜೋದು ಓದಲ್ಲ. ನಾನು ಅದನ್ನ ಮುಟ್ಟಿದ ದಿನ ಈ ಅಂಗೈಗೆ ಬೆತ್ತದಲ್ಲಿ ಬಾರಿಸಿ' ಅಂತ."

ಪುಸ್ತಕದಕ್ಕ ಕುರ್ಚಿಗಳನ್ನು ಸರಿಪಡಿಸತೊಡಗಿದರು. ಅವೆಲ್ಲ ಸರಿಯಾಗಿಯೇ ಇದ್ದವು.

ಅಲ್ಲಿಂದ ನಾವು ಮೇಷ್ಟ್ರ ಮನೆಗೆ ಹೋದೆವು. ಸಲಹೆ ಕೇಳುವುದಕ್ಕೆ ಎಂದರು ಅತ್ತಿಗೆ, ನಾನು ನಂಬಿದೆ. ಮೇಷ್ಟ್ರು ಪುಸ್ತಕಗಳು ಸೂರು ಮುಟ್ಟಿದ್ದ ಕೋಣೆಯಲ್ಲಿ, ಕಿಟಕಿಗೆ ಬೆನ್ನು ಮಾಡಿ ಕೂತಿದ್ದರು. ತೊಡೆಯ ಮೇಲೊಂದು ಪುಸ್ತಕ ತೆರೆದಿತ್ತು. ಸೊಸೆ ಚಹಾ ತಂದಿಟ್ಟು ಹೋದರು.

"ಅವಳು ನನ್ನ ಶಿಷ್ಯೆ," ಎಂದರು ಮೇಷ್ಟ್ರು. ಪುಸ್ತಕದಕ್ಕನ ಸುದ್ದಿ ಅವರಿಗೂ ಮುಟ್ಟಿತ್ತು. "ಅವಳು ಕದಿಯೋಳಲ್ಲ. ಇನ್ನೊಬ್ಬರ ಸೀಮೆಸುಣ್ಣದ ಚೂರೂ ಮುಟ್ಟಿದೋಳಲ್ಲ."

"ಹಾಗಾದ್ರೆ ಶನಿವಾರ ಅದೇ ಮಾತು ಹೇಳಿ. ನಿಮ್ಮ ಮಾತಿಗೆ ತೂಕ ಇದೆ."

"ಹೇಳ್ತೀನಿ... ಹೇಳ್ಬೇಕು." ಅವರು ಪುಸ್ತಕದತ್ತ ಬಾಗಿ, ಪುಟದ ಬಲ ಅಂಚನ್ನು ಹೆಬ್ಬೆರಳಿನಿಂದ ಮೆಲ್ಲಗೆ ತಟ್ಟಿದರು. ಮತ್ತೊಮ್ಮೆ ತಟ್ಟಿದರು. ಆಮೇಲೆ ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿದರು. ಮುದುಕರ ಕೈನಡುಕ ಎಂದುಕೊಂಡು ನಾನು ಚಹಾ ಹೀರಿದೆ.

"ಗಂಟಲು ಹೇಗಿದೆ? ದೀಪಸ್ತಂಭದ ಕತೆ ಎಲ್ಲಿಗೆ ಬಂತು?"

"ಗಂಟಲು ಪರವಾಗಿಲ್ಲಮ್ಮ. ಕತೆ ಎಪ್ಪತ್ತು ಪರ್ಸೆಂಟ್ ಆಯ್ತು. ಬಿರುಗಾಳಿಯಲ್ಲಿ ಯಾರೋ ಬಾಗಿಲು ಬಡಿತಾ ಇದ್ದಾರೆ. ತೆಗೀಬೇಕಾ ಬೇಡ್ವಾ ಅಂತ ಅವನಿಗೆ ಯೋಚನೆ."

ಹೊರಡುವಾಗ ಅತ್ತಿಗೆ ಗೇಟಿನ ಹತ್ತಿರ ನಿಂತು ತಿರುಗಿದರು. "ಮೇಷ್ಟ್ರೇ, ನಂಗೇನಾದ್ರೂ ಹೇಳೋದಿದ್ರೆ ಶನಿವಾರದೊಳಗೆ ನಮ್ಮನೆಗೆ ಬನ್ನಿ. ಬಾಗಿಲು ತೆಗೆದೇ ಇರುತ್ತೆ."

ಬೀಳ್ಕೊಡಲು ಬಂದಿದ್ದ ಮೇಷ್ಟ್ರು ಗೇಟಿನ ಚಿಲಕ ಹಾಕಿಕೊಂಡರು. ಅತ್ತಿಗೆ ಅಂದಿನಿಂದ ಸಂಜೆಯ ವಾಯುವಿಹಾರ ನಿಲ್ಲಿಸಿ ಮನೆಯಲ್ಲೇ ಕಾದರು. ಯಾರೂ ಬರಲಿಲ್ಲ.

ಶನಿವಾರ ಬೆಳಿಗ್ಗೆ ಅವರು ನನ್ನ ಅಂಗಡಿಗೆ ಬಂದು ಒಂದು ಕೆಲಸ ಹೇಳಿದರು. ಓದುತ್ತಿದ್ದ ಕಾದಂಬರಿಯ ಅದೇ ಗಾತ್ರದ, ಅದೇ ದಪ್ಪದ ಬೇರೊಂದು ಪುಸ್ತಕ ಹುಡುಕಿ, ಕಾದಂಬರಿಯ ಹೊರಹೊದಿಕೆಯನ್ನು ಅದಕ್ಕೆ ತೊಡಿಸಬೇಕು. ಅಳತೆ ಹಾಕುವುದರಲ್ಲಿ ನನ್ನನ್ನು ಮೀರಿಸುವವರು ಯಾರು? ವಾಚನಾಲಯದ ಮೂಲೆಯ ಕಪಾಟಿನಲ್ಲಿ ಕೋಳಿ ಸಾಕಣೆಯ ಕೈಪಿಡಿಯೊಂದು ಸಿಕ್ಕಿತು. ಹೊದಿಕೆ ಅದಕ್ಕೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ನಾನು ಒಳಗೊಳಗೇ ನಗುತ್ತಾ ಅದನ್ನು ಮೇಜಿನ ಮೇಲಿಟ್ಟು ಬಂದೆ. ಆ ನಗು ನೆನಪಾದರೆ ಈಗಲೂ ಮುಖ ಎಲ್ಲಿಡಲಿ ಎನ್ನಿಸುತ್ತದೆ.

ಸಂಜೆ ಕುರ್ಚಿಗಳೆಲ್ಲ ತುಂಬಿದ್ದವು. ಓದಿಗಿಂತ ತೀರ್ಮಾನ ಕೇಳಲು ಬಂದವರೇ ಹೆಚ್ಚು. ಕಾರ್ಯದರ್ಶಿ ಎದ್ದು ನಿಂತರು. ಅತ್ತಿಗೆ ಅವರನ್ನು ಕೂರಿಸಿದರು. "ಮೊದ್ಲು ಓದು. ವಿಷಯ ಎಲ್ಲಿಗೂ ಓಡಿಹೋಗಲ್ಲ."

ಮೇಷ್ಟ್ರು ತಮ್ಮ ಬಟ್ಟೆಯ ಚೀಲವನ್ನು ಕಾಲ ಬಳಿ ಇಟ್ಟು ಕೂತರು. ಪುಸ್ತಕ ತೆರೆದು ಎಂದಿನಂತೆ ಮೂಸಿದರು. ಒಂದು ಕ್ಷಣ ಹುಬ್ಬು ಗಂಟಾಯಿತು. ಆದರೆ ಅವರು ಕನ್ನಡಕ ಸರಿಪಡಿಸಿಕೊಂಡು ಓದತೊಡಗಿದರು.

ಎಂಥ ಓದು ಅದು! ಬಿರುಗಾಳಿ ಆ ಕೋಣೆಯೊಳಗೇ ಬೀಸಿತು. ಬಾಗಿಲು ಬಡಿಯುವ ಸದ್ದಿಗೆ ಮುಂದಿನ ಸಾಲಿನವರು ಬೆಚ್ಚಿದರು. ತನ್ನ ಒಂಟಿ ದೀಪದ ಪಕ್ಕದಲ್ಲಿ ಕಾವಲುಗಾರ ಏಳುತ್ತಾನೆ, ಕೂರುತ್ತಾನೆ, ಮತ್ತೆ ಏಳುತ್ತಾನೆ. ಮೇಷ್ಟ್ರು ನಡುನಡುವೆ ಹಾಳೆ ತಿರುವುತ್ತಿದ್ದರು. ಅವರು ಕೋಳಿ ಸಾಕಣೆಯ ಹಾಳೆ ತಿರುವುತ್ತಿದ್ದಾರೆ ಎಂದು ಗೊತ್ತಿದ್ದ ನಾನೂ ಮೈಮರೆತೆ.

"ಸಾಕು ಮೇಷ್ಟ್ರೇ," ಎಂದರು ಅತ್ತಿಗೆ. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ. "ನರ್ಸಮ್ಮ, ಅವರು ಬೆರಳಿಟ್ಟಿರೋ ಪುಟವನ್ನ ಓದಿ."

ನರ್ಸಮ್ಮ ಬಗ್ಗಿ ನೋಡಿ ಕಣ್ಣು ಕಿರಿದು ಮಾಡಿದರು. "'ಕಾವಿಗೆ ಕೂತ ಕೋಳಿಯನ್ನು ಪದೇ ಪದೇ ಎಬ್ಬಿಸಬಾರದು...' ಇದೇನು ಮೇಡಂ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಾನೂ ನಕ್ಕೆ. ಆಮೇಲೆ ಮೇಷ್ಟ್ರ ಮುಖ ನೋಡಿದೆ. ಅವರು ಆ ಪುಟದ ಮೇಲೆ ಎರಡೂ ಕೈ ಮುಚ್ಚಿ ಕೂತಿದ್ದರು, ಉತ್ತರ ಬಾರದ ಹುಡುಗ ಹಲಗೆ ಮುಚ್ಚಿಕೊಳ್ಳುವಂತೆ.

"ಕ್ಷಮಿಸಿ ಮೇಷ್ಟ್ರೇ. ಒಬ್ಬರ ಮಾನ ಉಳಿಸೋಕೆ ಇನ್ನೊಬ್ಬರದನ್ನ ತೆಗೀಬೇಕಾಯ್ತು," ಎಂದು ಅತ್ತಿಗೆ ನಮ್ಮತ್ತ ತಿರುಗಿದರು. "ಬೀಗದಕೈ ಯಾರ ಹತ್ರ ಇದೆ ಅನ್ನೋದು ಇಲ್ಲಿ ಲೆಕ್ಕಕ್ಕೇ ಬರಲ್ಲ. ಚಾರ್ಜ್ ಹಾಕಿದಾಗ ಮೂರೂ ಚೀಲ ಬೀರುವಿನ ಹೊರಗೆ, ಈ ಮೇಜಿನ ಪಕ್ಕ ಇರ್ತಿದ್ವು. ಬೇಗ ಬಂದು ಕೂರೋ ಯಾರು ಬೇಕಾದ್ರೂ ರೀಡರ್ ತೆಗೆದು ಪುಸ್ತಕ ಇಡಬಹುದಿತ್ತು. ಒಳಗೆ ನೋಡದೆ ಅಕ್ಕ ಜಿಪ್ ಹಾಕಿದ್ರು. ಇಟ್ಟ ಪುಸ್ತಕಕ್ಕೆ ಗೀರಾಗಬಾರದು ಅಂತ ಪೇಪರ್ ಹಾಕಿದ್ದಾರೆ ಅಂದ್ರೆ ಕಳ್ಳತನ ಮಾಡುವಾಗ್ಲೂ ಪುಸ್ತಕದ ಮೇಲೆ ಪ್ರೀತಿ ಬಿಡದೋರು. ಮಾರೋಕೆ ಕದ್ದೋರಲ್ಲ, ಓದೋಕೆ ಕದ್ದೋರು. ಆದ್ರೆ ಓದೋಕೆ ಕೇಳಿದ್ರೆ ಅಕ್ಕ ಸಂತೋಷದಿಂದ ಕೊಡ್ತಿದ್ರು. ಹಾಗಿದ್ರೆ ಕದಿಯೋದು ಯಾಕೆ? ಕೇಳೋಕೆ ಬಾಯಿ ಬರದೋರು ಕದೀತಾರೆ."

ಕಾರ್ಯದರ್ಶಿ ಕುರ್ಚಿಯಲ್ಲಿ ಹಿಂದೆ ಸರಿದರು.

"ಗಂಟಲು ಕೆಟ್ಟೋರು ಕೆಮ್ತಾರೆ, ಸಾಲು ಸಾಲಿಗೂ ತಡವರಿಸಲ್ಲ. ತಡವರಿಸೋದು ಅಕ್ಷರ ಕಾಣದೋರು. ಕೆಲವು ವಾರ ಬಿಟ್ಟು ಬಂದು ಸಲೀಸಾಗಿ ಓದಿದ್ರು. ದೀಪ ಹೋದ್ರೂ ಓದಿದ್ರು. ನೀವು ಚಪ್ಪಾಳೆ ಹೊಡೆದ್ರಿ. ಕತ್ತಲಲ್ಲಿ ಓದೋಕಾಗಲ್ಲ, ಒಪ್ಪಿಸೋಕಾಗುತ್ತೆ. ಬಾಯಿಪಾಠ ಮಾಡಿ ಬರೆಯೋರನ್ನ ನಾನು ಬೇಕಾದಷ್ಟು ನೋಡಿದ್ದೀನಿ, ಅವರ ಕಣ್ಣು ಪುಟದ ಮೇಲಿರುತ್ತೆ, ಸಾಲಿನ ಜೊತೆ ಓಡಲ್ಲ. ಅವರ ಮನೆಗೆ ಹೋದಾಗ ಕಾಗದದ ಅಂಚನ್ನ ತಟ್ಟಿದ್ರು. ರೀಡರ್‌ನಲ್ಲಿ ಪುಟ ತಿರುಗೋದು ಹಾಗೆ. ಕತೆ ಎಪ್ಪತ್ತು ಪರ್ಸೆಂಟ್ ಆಯ್ತು ಅಂದ್ರು. ಕಾಗದದ ಪುಸ್ತಕ ಓದೋರು ಎಷ್ಟನೇ ಪುಟ ಅಂತ ಹೇಳ್ತಾರೆ; ಪರ್ಸೆಂಟ್ ತೋರ್ಸೋದು ರೀಡರ್."

ಮೇಷ್ಟ್ರು ಬಗ್ಗಿ ತಮ್ಮ ಬಟ್ಟೆಯ ಚೀಲಕ್ಕೆ ಕೈ ಹಾಕಿದರು. ರೀಡರ್ ಹೊರಗೆ ಬಂತು. ಅದನ್ನು ಮೇಜಿನ ಮೇಲಿಟ್ಟರು.

"ದೂರದ್ದು ಕಾಣುತ್ತೆ. ನಿಮ್ಮ ಮುಖ ಕಾಣುತ್ತೆ," ಎಂದರು. "ಅಕ್ಷರದ ಮೇಲೆ ಮಾತ್ರ ಮಸಿ ಚೆಲ್ಲಿದ ಹಾಗೆ. ಕನ್ನಡಕದಿಂದ ಸರಿಹೋಗಲ್ಲ ಅಂದ್ರು ಡಾಕ್ಟರು. ಓದಿಲ್ಲದ ರಾತ್ರಿ ಹೇಗೆ ಕಳೀಬೇಕು ನಂಗೆ ಗೊತ್ತಿರಲಿಲ್ಲ. ಒಂದು ಶನಿವಾರ ಬೇಗ ಬಂದಿದ್ದೆ. ಸುಮ್ಮನೆ ಮುಟ್ಟಿ ನೋಡಿದೆ. ಅಕ್ಷರ ದೊಡ್ಡದಾಗ್ತಾ ಹೋಯ್ತು... ಹೆಬ್ಬೆರಳಿನಷ್ಟು ದೊಡ್ಡದು. ನಮ್ಮ ಕಾದಂಬರಿಯೂ ಅದ್ರಲ್ಲಿತ್ತು, ಓದೋಕಾಯ್ತು. ಅತ್ತುಬಿಟ್ಟೆ. ಕೇಳಿ ಒಯ್ಯೋಣ ಅಂದ್ರೆ ಇದೇ ಮೇಜಿನ ಮುಂದೆ ಆಣೆ ಹಾಕಿದ್ದೆನಲ್ಲ. ಕೊಂಡ್ರೆ ಮನೆಯಲ್ಲಿ ಮಗ ಸೊಸೆ ನಗ್ತಾರೆ. ಕಣ್ಣಿನ ವಿಷಯ ಗೊತ್ತಾದ್ರೆ ಈ ಕುರ್ಚಿ ಇನ್ನೊಬ್ಬರಿಗೆ ಹೋಗುತ್ತೆ. ಮುಂದಿನ ವಾರ ಮನೆಯಿಂದ ಅದೇ ಅಳತೆಯ ಪುಸ್ತಕ ತಂದು ಚೀಲದಲ್ಲಿಟ್ಟು ಇದನ್ನ ಒಯ್ದೆ. ರಾತ್ರಿ ಓದಿ ಬಾಯಿಪಾಠ ಮಾಡಿ ಬರ್ತಿದ್ದೆ. ವಾಪಸ್ ಇಡೋಣ ಅಂತ ಪ್ರತಿ ಶನಿವಾರ ಚೀಲದಲ್ಲಿ ಹಾಕ್ಕೊಂಡು ಬರೋದು, ಇನ್ನೊಂದು ಅಧ್ಯಾಯ ಅಂತ ವಾಪಸ್ ಒಯ್ಯೋದು. ಅಷ್ಟರಲ್ಲಿ ಈ ಮಗಳ ಮೇಲೆ ಬಂತು. ಆಗ್ಲಾದ್ರೂ ಹೇಳ್ಬೇಕಿತ್ತು. ಹೇಳಲಿಲ್ಲ. ಕಣ್ಣು ಹೋಗಿದ್ದಕ್ಕೆ ನಾಚ್ಕೊಂಡು ಕೂತು, ನಿಜವಾಗ್ಲೂ ನಾಚಿಕೆ ಪಡಬೇಕಾದ ಕೆಲಸ ಮಾಡಿಬಿಟ್ಟೆ."

ಅತ್ತಿಗೆ ಮೆಲ್ಲಗೆ, "ಇನ್ನೊಂದು ವಿಷಯ ಉಳಿದಿದೆ. ಅಕ್ಕ, ಆ ಪೇಪರನ್ನ ನೀವು ಬಿಸಾಕಲಿಲ್ಲ ಅಲ್ವಾ?" ಎಂದರು.

ಪುಸ್ತಕದಕ್ಕ ಬ್ಯಾಗಿನಿಂದ ಹಳೆಯ ಪತ್ರಿಕೆಯ ಹಾಳೆಯೊಂದನ್ನು ತೆಗೆದರು. ಮುದುರಿದ್ದನ್ನು ಕೈಯಿಂದಲೇ ಸವರಿ ನೇರ ಮಾಡಿದ್ದರು. ಮಡಿಕೆಯ ಗೆರೆಗಳು ಇನ್ನೂ ಕಾಣುತ್ತಿದ್ದವು. ಅಂಟಿಲ್ಲ, ದಾರವಿಲ್ಲ; ಮೂಲೆಗಳನ್ನು ಒಳಕ್ಕೆ ಎರಡು ಸಲ ಮಡಿಸಿ ಒಂದರೊಳಗೊಂದು ಸಿಕ್ಕಿಸಿದ ಹೊದಿಕೆ. ಅದರ ಗುರುತು ನನಗೂ ಹತ್ತಿತು. ಶಾಲೆ ಶುರುವಾದ ವಾರ ಮೇಷ್ಟ್ರು ನಮಗೆಲ್ಲ ಹೊಸ ಪುಸ್ತಕಕ್ಕೆ ಹಾಗೆ ಹೊದಿಕೆ ಹಾಕುವುದನ್ನು ಕಲಿಸುತ್ತಿದ್ದರು.

"ಚೀಲ ತೆಗೆದ ಕೂಡ್ಲೇ ಗೊತ್ತಾಯ್ತು," ಎಂದರು ಪುಸ್ತಕದಕ್ಕ. "ಬೇರೆಯೋರು ನೋಡಿ ಗುರುತು ಹಿಡಿದಾರು ಅಂತ ಮುದುರಿಟ್ಟುಕೊಂಡೆ."

"ಗೊತ್ತಿತ್ತಾ?" ಮೇಷ್ಟ್ರು ಅವರತ್ತ ತಿರುಗಿದರು. "ಗೊತ್ತಿದ್ದೂ ಕಳ್ಳಿ ಅನ್ನಿಸ್ಕೊಂಡ್ಯಾ? ಯಾಕೆ ಹೇಳಲಿಲ್ಲ ಮಗಳೇ?"

"ನೀವೇ ಹೇಳ್ತೀರಿ ಅಂತ ಕಾದೆ, ಮೇಷ್ಟ್ರೇ."

ಅವರು ಅದನ್ನು ಕೋಪದಿಂದ ಹೇಳಿದ್ದರೆ ಚೆನ್ನಾಗಿತ್ತು. ಕಾರ್ಯದರ್ಶಿ ಏನೋ ಹೇಳಲು ಎದ್ದವರು, "ತೀರ್ಮಾನ ಏನೂ ಇಲ್ಲ. ತಪ್ಪಾಯ್ತಮ್ಮ," ಎಂದಷ್ಟೇ ಗೊಣಗಿ ಕೂತರು. ನನ್ನ ಕಣ್ಣು ನನ್ನ ಚಪ್ಪಲಿಯನ್ನು ಬಿಟ್ಟು ಮೇಲೇಳಲಿಲ್ಲ.

ಮೇಷ್ಟ್ರು ಎದ್ದು ಮೇಜನ್ನು ಬಳಸಿ ಪುಸ್ತಕದಕ್ಕನ ಮುಂದೆ ಬಂದು ನಿಂತರು. ಬಲಗೈ ಚಾಚಿ ಅಂಗೈ ಬಿಡಿಸಿದರು. ತರಗತಿಯಲ್ಲಿ ನಾವೆಲ್ಲ ಅವರ ಮುಂದೆ ಹಾಗೇ ಕೈ ಚಾಚಿ, ಕಣ್ಣು ಮುಚ್ಚಿ ನಿಂತಿದ್ದವರು. ಈಗ ಅವರೂ ಕಣ್ಣು ಮುಚ್ಚಿದ್ದರು.

"ಎಲ್ಲರೆದುರಿಗೆ ಮಾತು ಕೊಟ್ಟಿದ್ದೆ," ಎಂದರು. "ಬಾರಿಸು."

ಪುಸ್ತಕದಕ್ಕ ಸ್ವಲ್ಪ ಹೊತ್ತು ಆ ಅಂಗೈಯನ್ನೇ ನೋಡಿದರು. ಆಮೇಲೆ ಮೇಜಿನ ಮೇಲಿದ್ದ ರೀಡರ್ ತೆಗೆದುಕೊಂಡು, ಬಿರುಗಾಳಿಯ ಪುಟ ಹುಡುಕಿ, ಅದನ್ನು ಅವರ ಅಂಗೈ ಮೇಲಿಟ್ಟರು. ಚಾಚಿದ ಬೆರಳುಗಳನ್ನು ಒಂದೊಂದಾಗಿ ಅದರ ಸುತ್ತ ಮಡಿಸಿದರು.

"ಅವನು ಬಾಗಿಲು ತೆಗೆದ್ನಾ ಇಲ್ವಾ, ಅದನ್ನ ಓದಿ ಮೇಷ್ಟ್ರೇ. ಎಲ್ಲರೂ ಕಾಯ್ತಿದ್ದಾರೆ."

ಮೇಷ್ಟ್ರು ಕುರ್ಚಿಗೆ ಮರಳಿ ಓದತೊಡಗಿದರು. ಆ ದಿನ ಅವರ ಓದು ಚೆನ್ನಾಗಿರಲಿಲ್ಲ. ಅಕ್ಷರ ಅಷ್ಟು ದೊಡ್ಡದಾದ್ದರಿಂದ ಒಂದು ಪುಟಕ್ಕೆ ನಾಲ್ಕೇ ಸಾಲು. ನಿಲ್ಲುತ್ತಿದ್ದರು, ಅಂಚು ತಟ್ಟುತ್ತಿದ್ದರು, ಮೂಗು ಒರೆಸಿಕೊಳ್ಳುತ್ತಿದ್ದರು, ಮುಂದುವರಿಯುತ್ತಿದ್ದರು. ಯಾರೂ ಎದ್ದು ಹೋಗಲಿಲ್ಲ. ನಾವೆಲ್ಲ ತಲೆ ತಗ್ಗಿಸಿಕೊಂಡು ಕೊನೆಯವರೆಗೂ ಕೇಳಿದೆವು.